ಎರಡು ಗೂಡು, ಒಂದು ವರ್ಷದ ಮೊಟ್ಟೆ ಲೆಕ್ಕ

2020ರ ಮಾರ್ಚ್‌ನಲ್ಲಿ ಮೈಸೂರಿನಲ್ಲಿ ಹಕ್ಕಿಜ್ವರ ಬಂದು ಕೋಳಿಗಳನ್ನು ಕೊಂದು ಹೂತದ್ದು ನೆನಪಿರಬಹುದು. ನನಗೆ ಈ ಹುಚ್ಚು ಹತ್ತಿದ್ದೇ ಆಗ. ರೋಗ ಒಳಗೆ ಬರುವ ದಾರಿ ಮುಚ್ಚಿದರೆ ಮೊಟ್ಟೆ ಜಾಸ್ತಿ ಸಿಗುತ್ತಾ? ಸುಮ್ನೆ ಮಾತಾಡೋದಕ್ಕಿಂತ ಮಾಡಿಯೇ ನೋಡೋಣ ಅನ್ನಿಸಿತು.

ನಮ್ಮದು ತಿಪಟೂರು ಕಡೆ, ತೆಂಗಿನ ತೋಟದ ಹಿತ್ತಲು. 24 ಗಿರಿರಾಜ ಹೇಂಟೆಗಳಿದ್ದವು. ಬೆಂಗಳೂರಿನ ಹೆಬ್ಬಾಳದಲ್ಲಿ ಹಿತ್ತಲಿಗೆಂದೇ ಬೆಳೆಸಿದ ತಳಿ ಇದು, ವರ್ಷಕ್ಕೆ 130ರಿಂದ 150 ಮೊಟ್ಟೆ ಇಡುತ್ತದೆ. ಕೊಟ್ಟಿಗೆ ಪಕ್ಕದ ಗೂಡಿಗೆ 12, ಹಲಸಿನ ಮರದ ಕೆಳಗಿನ ಗೂಡಿಗೆ 12. ವಯಸ್ಸು ಒಂದೇ, ಹಾಕುವ ಕಾಳೂ ಒಂದೇ. ಕೊಟ್ಟಿಗೆ ಗೂಡು ಅಮ್ಮನ ಪದ್ಧತಿ: ಬೆಳಿಗ್ಗೆ ಬಾಗಿಲು ತೆಗೆಯೋದು, ಸಂಜೆ ಹಾಕೋದು, ಅಷ್ಟೇ. ಹಲಸಿನ ಗೂಡು ನನ್ನದು: ಸುತ್ತ ಬಲೆ, ಬಾಗಿಲಲ್ಲಿ ಕಾಲು ಅದ್ದೋಕೆ ಬ್ಲೀಚಿಂಗ್ ಪೌಡರ್ ನೀರಿನ ತಟ್ಟೆ, ಒಳಗೆ ಹೋಗೋಕೆ ಬೇರೆ ಚಪ್ಪಲಿ.

ದೀಪಾವಳಿಗೆ ಮೊಟ್ಟೆ ಶುರುವಾಯಿತು. ಮೊದಲ ಎರಡು ತಿಂಗಳು ಸೋತದ್ದು ನಾನೇ. ಅಮ್ಮನ ಗೂಡಲ್ಲಿ ದಿನಕ್ಕೆ ಆರು, ನನ್ನಲ್ಲಿ ನಾಲ್ಕು. ಇಡೀ ದಿನ ಒಳಗೇ ಕೂಡಿಹಾಕಿದ್ದೆನಲ್ಲ, ಸೊಪ್ಪಿಲ್ಲ, ಹುಳ ಇಲ್ಲ, ಒಂದರ ಗರಿ ಇನ್ನೊಂದು ಕುಕ್ಕಿ ಕೀಳುತ್ತಿತ್ತು. "ಜೈಲಲ್ಲಿಟ್ರೆ ಮೊಟ್ಟೆ ಇಡ್ತಾವೇನೋ?" ಅಂತ ಅಮ್ಮ ನಕ್ಕರು. ಬಲೆಯನ್ನು ಮರದ ನೆರಳಿನವರೆಗೂ ಎಳೆದು ಅಂಗಳ ಮಾಡಿಕೊಟ್ಟೆ, ನುಗ್ಗೆ ಸೊಪ್ಪು ಕಟ್ಟಿ ತೂಗುಬಿಟ್ಟೆ. ಐದೂವರೆಗೆ ಬಂತು.

ತಟ್ಟೆ ನೀರಿನ ಬಗ್ಗೆ ಹೇಳಲೇಬೇಕು. ಕೆಸರು, ಹಿಕ್ಕೆ ಮೆತ್ತಿದ ಕಾಲನ್ನು ಹಾಗೇ ಅದ್ದಿದರೆ ಅದು ಕೆಲಸ ಮಾಡಲ್ಲ. ಕೊಳೆ ಬಿದ್ದ ಕೂಡಲೇ ಔಷಧಿಯ ಶಕ್ತಿ ಹೋಗುತ್ತದೆ, ಬಿಸಿಲಿಗೂ ಹೋಗುತ್ತದೆ. ದಿನಾ ಬದಲಿಸಬೇಕು, ಮೊದಲು ಕಾಲು ತಿಕ್ಕಿ ತೊಳೆಯಬೇಕು. ಯಾರು ಮಾಡ್ತಾರೆ? ಆರು ತಿಂಗಳು ಮಾಡಿ ಕೈಬಿಟ್ಟೆ. ಆದರೆ ಬಾಗಿಲಲ್ಲಿಟ್ಟ ಹಳೇ ಹವಾಯಿ ಚಪ್ಪಲಿಗೆ ಖರ್ಚೂ ಇಲ್ಲ, ಮರೆವೂ ಇಲ್ಲ. ಈ ಎರಡರಲ್ಲಿ ಒಂದು ಅಂದರೆ ನನ್ನ ಓಟು ಚಪ್ಪಲಿಗೆ.

ನಿಜವಾದ ಪರೀಕ್ಷೆ ಯುಗಾದಿಗೆ ಬಂತು. ಹೊಸತೊಡಕಿಗೆ ಅಂತ ಅಮ್ಮ ಸಂತೆಯಿಂದ ಎರಡು ನಾಟಿ ಕೋಳಿ ತಂದು ನಾಲ್ಕು ದಿನ ಕೊಟ್ಟಿಗೆ ಗೂಡಲ್ಲೇ ಬಿಟ್ಟರು. ಹಬ್ಬ ಮುಗಿದು ಮೂರನೇ ದಿನ ಒಂದು ಹೇಂಟೆ ತೂಕಡಿಸುತ್ತಾ ಕೂತಿತ್ತು, ಹಿಕ್ಕೆ ಹಸಿರು. ಇನ್ನೊಂದಕ್ಕೆ ಕತ್ತು ತಿರುಚಿಕೊಂಡಿತು. ಕೊಕ್ಕರೆ ರೋಗ, ಅಂದರೆ ರಾಣಿಖೇತ್. ಮರಿಯಲ್ಲಿ ಇದರ ಲಸಿಕೆ ಲಾಸೋಟಾ ಹನಿಯನ್ನು ಎರಡೂ ಗುಂಪಿಗೆ ಹಾಕಿಸಿದ್ದೆವು. ಎಂಟನೇ ವಾರ ಅದೇ ರೋಗಕ್ಕೆ ಕೊಡಬೇಕಾದ ಆರ್‌ಟುಬಿ ಚುಚ್ಚುಮದ್ದು ಮಾತ್ರ ಎರಡಕ್ಕೂ ತಪ್ಪಿತ್ತು. ಸೀಸೆ 100 ಕೋಳಿಗೆ ಬರುತ್ತದೆ, ಕಲಸಿದ ಮೇಲೆ ಒಂದೆರಡು ಗಂಟೆಯಲ್ಲಿ ಮುಗಿಸಬೇಕು. 24ಕ್ಕೆ ಯಾಕೆ ಒಡೆಯೋದು ಅಂತ ಸುಮ್ಮನಿದ್ದೆವು.

ಕೊಟ್ಟಿಗೆ ಗೂಡಲ್ಲಿ ಏಳು ಸತ್ತವು. ಉಳಿದ ಐದು ಮೂರು ವಾರ ಒಂದು ಮೊಟ್ಟೆಯನ್ನೂ ಇಡಲಿಲ್ಲ. ಆಮೇಲೆ ಬಂದವು ದಿನಕ್ಕೆ ಒಂದೋ ಎರಡೋ, ಸಿಪ್ಪೆ ತೆಳು, ಕೆಲವು ಸೊಟ್ಟ. ಎಷ್ಟು ಕಾಳು ಹಾಕಿದರೂ ಹಳೆಯ ಲೆಕ್ಕಕ್ಕೆ ಮರಳಲಿಲ್ಲ. ಸತ್ತ ಕೋಳಿಗಿಂತ ನನ್ನ ಹೊಟ್ಟೆ ಉರಿಸಿದ್ದು ಈ ಬದುಕಿದ ಐದು. ನನ್ನ ಗೂಡಲ್ಲಿ ಒಂದೂ ಸಾಯಲಿಲ್ಲ. ಎರಡು ಗೂಡಿಗೂ ಕಾಳು ಹಾಕುತ್ತಿದ್ದದ್ದು ಅಮ್ಮನೇ. ಅವತ್ತಿಂದ ಮೊದಲು ಹಲಸಿನ ಗೂಡು, ಆಮೇಲೆ ಕೊಟ್ಟಿಗೆ ಅಂತ ಮಾತ್ರ ಕೇಳಿಕೊಂಡಿದ್ದೆ. ಗೂಡುಗಳ ನಡುವೆ ಮೂವತ್ತು ಹೆಜ್ಜೆಯೂ ಇಲ್ಲ, ಅದೃಷ್ಟವೂ ಇತ್ತು ಬಿಡಿ.

ದೀಪಾವಳಿಯಿಂದ ದೀಪಾವಳಿಗೆ ಅಮ್ಮನ ಗೂಡು ಸುಮಾರು 1,150 ಮೊಟ್ಟೆ, ನನ್ನದು 1,650. ರೋಗ ಬಾರದೇ ಇದ್ದಿದ್ದರೆ ಅಮ್ಮನೇ ಗೆಲ್ಲುತ್ತಿದ್ದರು, ಅದೂ ಬಲೆಯ ಖರ್ಚಿಲ್ಲದೆ. ಅದಕ್ಕೇ ಈಗ ಎರಡೂ ಬೆರೆಸಿದ್ದೇವೆ. ಸಂಜೆ ಎರಡು ಗಂಟೆ ತೋಟಕ್ಕೆ ಬಿಡುತ್ತೇವೆ. ಕಾಗೆ, ಗೊರವಂಕ ಬಾಯಿ ಹಾಕದಂತೆ ಕಾಳು ನೀರು ಬಲೆಯೊಳಗೇ ಇಡುತ್ತೇವೆ. ಸಾಕಲು ತಂದ ಹೊಸ ಕೋಳಿ ಬಚ್ಚಲ ಹಿಂದೆ 21 ದಿನ ಬೇರೆ ಇರುತ್ತದೆ. ಹಬ್ಬಕ್ಕೆ ತಂದದ್ದು ಮಕ್ಕರಿ ಕೆಳಗೇ ಇದ್ದು, ಅಲ್ಲಿಂದ ನೇರ ಅಡುಗೆಮನೆಗೆ. ಈ ಸಲ ನಾಲ್ಕು ಮನೆ ಸೇರಿ ಆರ್‌ಟುಬಿ ಒಂದು ಸೀಸೆ ತರಿಸಿದ್ದೇವೆ. ಕೋಳಿಗಳನ್ನು ಒಂದೇ ಕಡೆ ತರೋದು ಬೇಡ, ಮನೆಮನೆಗೇ ಹೋಗಿ ಚುಚ್ಚೋದು, ಸೂಜಿ ಬೇರೆ ಬೇರೆ. ಚಪ್ಪಲಿ ಮಾತ್ರ ಆಯಾ ಮನೆಯವರೇ ಕೊಡಬೇಕು.