ವೇಸ್ಟ್ ಡಿಕಂಪೋಸರ್ ಬಾಟ್ಲಿ: ಅಡಿಕೆ ಸಿಪ್ಪೆ ಮೇಲೆ ಎರಡು ವರ್ಷ ಹಾಕಿ ನೋಡಿದ್ದು

ಘಾಜಿಯಾಬಾದಿನ ರಾಷ್ಟ್ರೀಯ ಸಾವಯವ ಕೃಷಿ ಕೇಂದ್ರದವ್ರು 2015ರಲ್ಲಿ ಬಿಟ್ಟ, ಕಸ ಕೊಳೆಸಿ ಗೊಬ್ಬರ ಮಾಡೋ ಬಾಟ್ಲಿ ಇದು. ನಾಟಿ ಹಸು ಸಗಣಿಯಿಂದ ತೆಗೆದ ಸೂಕ್ಷ್ಮಜೀವಿಗಳು ಒಳಗಿರ್ತವೆ, ಅವ್ರು ಬಿಟ್ಟಾಗ ರೇಟು 20 ರೂಪಾಯಿ ಇತ್ತು. ಅಡಿಕೆ ಸಿಪ್ಪೆ ಕರಗತ್ತಾ ಅಂತ ತುಂಬಾ ಜನ ಕೇಳ್ತಿದ್ರು, ಅದಕ್ಕೇ ಬರೀತಿದೀನಿ.

ಕರಗತ್ತೆ. ಆದ್ರೆ ಬಾಟ್ಲಿ ಒಂದರಿಂದಲೇ ಅಲ್ಲ.

ಮಾಡೋದು ಸುಲಭ. 200 ಲೀಟರ್ ಪ್ಲಾಸ್ಟಿಕ್ ಡ್ರಮ್ಮಿಗೆ ನೀರು ತುಂಬಿ 2 ಕೆಜಿ ಬೆಲ್ಲ ಕರಗಿಸಿ ಬಾಟ್ಲಿ ಸುರಿದು, ದಿನಾ ಎರಡು ಸಲ ಕೋಲಲ್ಲಿ ತಿರುಗಿಸ್ತಾ ಇದ್ರೆ ಐದಾರು ದಿನಕ್ಕೆ ಮೇಲೆ ಕೆನೆ ತರ ಕಟ್ಟತ್ತೆ, ಹುಳಿ ವಾಸನೆ ಬರತ್ತೆ. ಬೆಲ್ಲ ಆ ಜೀವಿಗಳ ಊಟ, ತಿಂದು ತಿಂದು ಲೆಕ್ಕ ಇಲ್ಲದಷ್ಟು ಆಗ್ತವೆ.

ಮೊದಲನೇ ವರ್ಷ ನಾನು ಸುಲಿದ ಸಿಪ್ಪೆನ ಒಣಗಿದ ರಾಶಿ ಹಂಗೇ ಇಟ್ಟು ಮೇಲಿಂದ ಹೊಯ್ದು ಬಿಟ್ಟೆ. ನಾಲ್ಕು ತಿಂಗಳು ಬಿಟ್ಟು ಅಗೆದ್ರೆ ನಾರು ನಾರಾಗೇ ಇತ್ತು. ಯಾಕೆ ಅಂತ ತಿಳ್ಕೊಳ್ಳೋಕೆ ಸ್ವಲ್ಪ ಓದಿದೆ. ಸಿಪ್ಪೆಲಿ ಇಂಗಾಲ ಜಾಸ್ತಿ, ಸಾರಜನಕ ತುಂಬಾ ಕಮ್ಮಿ, ಅದ್ರಲ್ಲೂ ಲಿಗ್ನಿನ್ ಅನ್ನೋ ಗಟ್ಟಿ ಪದಾರ್ಥ ಜಾಸ್ತಿ. ಬ್ಯಾಕ್ಟೀರಿಯಾಕ್ಕೆ ಮೈ ಬೆಳೆಸ್ಕೊಳ್ಳೋಕೆ ಸಾರಜನಕ ಬೇಕೇ ಬೇಕು, 25-30 ಪಾಲು ಇಂಗಾಲಕ್ಕೆ 1 ಪಾಲು ಸಾರಜನಕ ಇದ್ರೆ ಕೆಲಸ ಚುರುಕು. ಅದು ಸಿಗದೇ ಇದ್ರೆ ಎಷ್ಟು ಡ್ರಮ್ ಸುರಿದ್ರೂ ಜೀವಿಗಳು ಹಸ್ಕೊಂಡೇ ಇರ್ತವೆ.

ಅದಕ್ಕೇ ಈ ವರ್ಷ ಸಾರಜನಕ ಸಿಗ್ಲಿ ಅಂತ ಒಂದು ಪದರ ಸಿಪ್ಪೆ, ಅದರ ಮೇಲೆ ಗೊಬ್ಬರದ ಗಿಡದ (ಗ್ಲಿರಿಸಿಡಿಯಾ) ಹಸಿ ಸೊಪ್ಪು, ಸಗಣಿ ನೀರು, ಆಮೇಲೆ ಡ್ರಮ್ಮಿನ ದ್ರಾವಣ, ಹಿಂಗೇ ಎದೆಮಟ್ಟ ಏರಿಸಿದ್ವಿ. ನಾಲ್ಕನೇ ದಿನ ರಾಶಿಗೆ ಹಾರೆ ಚುಚ್ಚಿ ಸ್ವಲ್ಪ ಹೊತ್ತು ಬಿಟ್ಟು ಎಳೆದ್ರೆ ತುದಿ ಹಿಡಿಯೋಕೇ ಆಗ್ಲಿಲ್ಲ ಅಷ್ಟು ಬಿಸಿ! ಯಾರೂ ಬೆಂಕಿ ಹಾಕಿಲ್ಲ, ಕಣ್ಣಿಗೆ ಕಾಣದ ಜೀವಿಗಳು ಉಸಿರಾಡಿದ ಬಿಸಿ ಅದು. ಒಳ್ಳೆ ರಾಶಿ 55-60 ಡಿಗ್ರಿ ಮುಟ್ಟತ್ತೆ, ಹೆಚ್ಚಿನ ಕಳೆ ಬೀಜಗಳು ಅದ್ರಲ್ಲೇ ಸಾಯ್ತವೆ. ಮೊದಲು ಬ್ಯಾಕ್ಟೀರಿಯಾ ಬಂದು ಸೊಪ್ಪಿನ ಸಕ್ಕರೆ ಪಿಷ್ಟ ಎಲ್ಲ ತಿಂದು ಮುಗಿಸ್ತವೆ, ರಾಶಿ ತಣ್ಣಗಾದ ಮೇಲೆ ಶಿಲೀಂಧ್ರಗಳು ನಾರಿಗೆ ಕೈ ಹಾಕ್ತವೆ. ಬೂದಿ ಉದುರಿಸಿದಂಗೆ ಬೆಳ್ಳಗೆ ಕಂಡ್ರೆ ಹೆದರಬೇಡಿ, ಅದು ಆಕ್ಟಿನೋಮೈಸೀಟ್ಸ್ ಅನ್ನೋ ಒಂದು ಜಾತಿ ಬ್ಯಾಕ್ಟೀರಿಯಾ, ಮೊದಲ ಮಳೆಗೆ ಮಣ್ಣಿಂದ ಬರೋ ಘಮ ಇದೆಯಲ್ಲ ಅದನ್ನ ಮಾಡೋದೂ ಅವೇ.

ವಾರಕ್ಕೊಂದ್ಸಲ ಮಗುಚಲೇಬೇಕು, ಇದೇ ಕಷ್ಟದ ಕೆಲಸ, ಸೊಂಟ ಬಿದ್ದೋಗತ್ತೆ. ಆದ್ರೆ ಗಾಳಿ ಆಡದೇ ಇದ್ರೆ ಬೇರೆ ಜಾತಿ ಜೀವಿಗಳು ಸೇರ್ಕೊಂಡು ಕೊಳೆತ ಮೊಟ್ಟೆ ನಾತ ಶುರು. ಮುಷ್ಟಿಲಿ ಹಿಂಡಿದ್ರೆ ಒಂದೆರಡು ಹನಿ ಬರೋಷ್ಟು ಒದ್ದೆ ಸಾಕು, ಮಳೆ ಹಿಡಿದ ಮೇಲೆ ಟಾರ್ಪಾಲ್ ಮುಚ್ಚಿ, ಇಲ್ಲಾಂದ್ರೆ ಸತ್ವ ಎಲ್ಲ ತೊಳ್ಕೊಂಡು ಹೋಗತ್ತೆ.

ಹಸಿ ಸೊಪ್ಪು ಬೇಗ ಮಾಯ ಆಯ್ತು, ಸಿಪ್ಪೆ ಕಪ್ಪಾಗಿ ಕೈಲಿ ಪುಡಿ ಆಗೋಕೆ ಐದು ತಿಂಗಳು ಹಿಡೀತು. ಲಿಗ್ನಿನ್ ಕರಗೋದೇ ಹಂಗೆ, ಕಾಡಲ್ಲಿ ಬಿದ್ದ ಮರ ಮಣ್ಣಾಗೋಕೆ ಎಷ್ಟು ವರ್ಷ ಬೇಕು ನೋಡಿ! ರಸ್ತೆ ಬದಿಗೆ ಸುರಿದು ಬೆಂಕಿ ಕೊಡೋದು, ಆ ಹೊಗೇಲಿ ಬೈಕಿನವ್ರು ಒದ್ದಾಡೋದು ನೋಡಿ ನೋಡಿ ಬೇಜಾರಾಗಿದೆ. ಐದು ತಿಂಗಳು ನನಗೇನೂ ಜಾಸ್ತಿ ಅನ್ನಿಸ್ಲಿಲ್ಲ.

ಕೊಳ್ಳೋವಾಗ ಹುಷಾರು. ಪೇಟೆಯ ಒಂದು ಅಂಗಡೀಲಿ ಇದೇ ಅಂತ ಹೇಳಿ 250 ರೂಪಾಯಿಗೆ ಬೇರೆ ಯಾವ್ದೋ ಕೊಟ್ಟಿದ್ರು, ಡ್ರಮ್ಮಲ್ಲಿ ಕೆನೆನೇ ಕಟ್ಲಿಲ್ಲ.

ಒಂದ್ಸಲ ತಗೊಂಡ್ರೆ ಮತ್ತೆ ಕೊಳ್ಳೋದೂ ಬೇಡ. ರೆಡಿ ಆದ ದ್ರಾವಣದಲ್ಲಿ 20 ಲೀಟರ್ ಉಳಿಸಿ ಹೊಸ ನೀರು, 2 ಕೆಜಿ ಬೆಲ್ಲ ಹಾಕಿದ್ರೆ ಇನ್ನೊಂದು ಡ್ರಮ್ ಆಗತ್ತೆ. ನಮ್ಮನೆ ಡ್ರಮ್ಮಿಂದ ಪಕ್ಕದ ಮನೆ ಭಾವ ಒಂದು ಕ್ಯಾನ್ ಒಯ್ದಿದಾರೆ, ಈ ಸಲ ಅವ್ರ ಸಿಪ್ಪೆ ರಸ್ತೆಗೆ ಬಂದಿಲ್ಲ.