ಕಡಿಮೆ ದುಡ್ಡಿಗೆ ಮೊದಲ ಕ್ಯಾಮೆರಾ: ಹಳೇ ನಿಕಾನ್ ಡಿ5300, ಜೊತೆಗೆ 35 ಎಂಎಂ ಲೆನ್ಸ್

ರಾತ್ರಿ ಬಯಲಾಟ. ರಂಗಸ್ಥಳದ ದೀಪದ ಬೆಳಕಿನಲ್ಲಿ ವೇಷಧಾರಿ ಧಿಗಿಣ ಹಾಕುತ್ತಿದ್ದಾನೆ. ಕ್ಯಾಮೆರಾ ಜೊತೆಗೇ ಬರುವ 18-55 ಎಂಎಂ ಕಿಟ್ ಲೆನ್ಸನ್ನು 55ಕ್ಕೆ ಎಳೆದರೆ ಅದು ಎಫ್/5.6ಕ್ಕಿಂತ ಹೆಚ್ಚು ತೆರೆಯುವುದಿಲ್ಲ (ಎಫ್ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸ್ ಹೆಚ್ಚು ತೆರೆಯುತ್ತದೆ). ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಎಂದು ಹೇಳುವ ಐಎಸ್‌ಒ ಸಂಖ್ಯೆಯನ್ನು 3200ಕ್ಕೆ ಇಟ್ಟರೂ ಶಟರ್ 1/25 ಸೆಕೆಂಡಿಗೆ ಇಳಿದರೆ ಕಿರೀಟ, ಮುಖ ಎರಡೂ ಕಲಸಿಹೋಗುತ್ತವೆ. ಅದೇ ಬೆಳಕಿನಲ್ಲಿ ಎಫ್/1.8 ಲೆನ್ಸ್ ಸುಮಾರು ಹತ್ತು ಪಟ್ಟು ಬೆಳಕನ್ನು ಒಳಗೆ ಬಿಡುತ್ತದೆ. ಶಟರ್ 1/250ಕ್ಕೆ ಏರುತ್ತದೆ, ಕಣ್ಣಂಚಿನ ಕಾಡಿಗೆ ಗೆರೆಯೂ ಸ್ಪಷ್ಟವಾಗಿ ನಿಲ್ಲುತ್ತದೆ.

ಬಾಡಿ, ಅಂದರೆ ಲೆನ್ಸಿಲ್ಲದ ಕ್ಯಾಮೆರಾ, ಎಷ್ಟೇ ಹೊಸದಾದರೂ ಈ ಹತ್ತು ಪಟ್ಟು ಸಿಗುವುದಿಲ್ಲ. ಹಾಗಾಗಿ 30 ಸಾವಿರದ ಆಸುಪಾಸಿನಲ್ಲಿ ಹವ್ಯಾಸ ಶುರುಮಾಡುವವರು ಬಾಡಿಯನ್ನು ಸೆಕೆಂಡ್‌ಹ್ಯಾಂಡ್ ತಗೊಂಡು, ಉಳಿದ ದುಡ್ಡನ್ನು ಲೆನ್ಸಿಗೆ ಹಾಕುವುದು ಒಳ್ಳೆಯದು. ಈ ಲೆಕ್ಕಕ್ಕೆ ಚೆನ್ನಾಗಿ ಹೊಂದುವುದು 2013ರಲ್ಲಿ ಬಂದ ನಿಕಾನ್ ಡಿ5300.

ಬೆಳಕನ್ನು ಚಿತ್ರವಾಗಿಸುವ ಇದರ ಸೆನ್ಸರ್ 24.2 ಮೆಗಾಪಿಕ್ಸೆಲ್. ಮುಂದೆ ಚಿತ್ರವನ್ನು ಮೆದುಗೊಳಿಸುವ ಲೋ-ಪಾಸ್ ಫಿಲ್ಟರ್ ಇಲ್ಲ, ಆದ್ದರಿಂದ ಕಲ್ಲಿನ ಕೆತ್ತನೆ, ಹಕ್ಕಿಯ ಗರಿಯಂಥ ಸೂಕ್ಷ್ಮ ವಿವರ ಇಂದಿಗೂ ಬೆರಗಾಗುವಷ್ಟು ಚೆನ್ನಾಗಿ ಬರುತ್ತದೆ. 39 ಫೋಕಸ್ ಪಾಯಿಂಟ್, ಸೆಕೆಂಡಿಗೆ 5 ಫೋಟೋ, ಎಲ್ಲ ಕಡೆ ತಿರುಗುವ 3.2 ಇಂಚಿನ ಸ್ಕ್ರೀನ್, ವಿಡಿಯೋ ಮಾಡುವವರಿಗೆ ಮೈಕ್ ಜ್ಯಾಕ್. ಬ್ಯಾಟರಿ, ಕಾರ್ಡ್ ಸೇರಿ ತೂಕ 530 ಗ್ರಾಂ. ಸ್ಕ್ರೀನ್ ತಿರುಗುವುದರ ಬೆಲೆ ಗೊತ್ತಾಗುವುದು ರಂಗೋಲಿಯನ್ನೋ ಅಣಬೆಯನ್ನೋ ನೆಲಮಟ್ಟದಿಂದ ತೆಗೆಯುವಾಗ.

ಹೊಸದೇ ಬೇಕು ಎಂದಾಗ ಅಂಗಡಿಯವರು ತೋರಿಸುವ ಕ್ಯಾನನ್ 1500ಡಿಯಲ್ಲಿ ಫೋಕಸ್ ಪಾಯಿಂಟ್ 9, ವೇಗ ಸೆಕೆಂಡಿಗೆ 3 ಫೋಟೋ. ಸೆನ್ಸರನ್ನು ತಾನೇ ಅಲ್ಲಾಡಿಸಿ ಧೂಳು ಕೊಡವುವ ವ್ಯವಸ್ಥೆ ಇಲ್ಲ. ಫ್ಲ್ಯಾಶ್ ಕೂರುವ ಹಾಟ್‌ಶೂನಲ್ಲಿ ನಡುವಿನ ಪಿನ್ನನ್ನೇ ತೆಗೆದಿದ್ದಾರೆ. ಆ ಒಂದು ಪಿನ್ನನ್ನೇ ನಂಬಿರುವ ಅಗ್ಗದ ಮ್ಯಾನ್ಯುಯಲ್ ಫ್ಲ್ಯಾಶು, ಟ್ರಿಗರ್ ಅದರ ಮೇಲೆ ಉರಿಯುವುದೇ ಇಲ್ಲ. ಕಲಿಯುವವರಿಗೆ ಇದು ದೊಡ್ಡ ಅಡ್ಡಿ. ವಾರಂಟಿ ಬೇಕೇ ಬೇಕು ಅನ್ನುವವರು ಅದನ್ನು ತಗೊಳ್ಳಲಿ, ಆದರೆ 50 ಎಂಎಂ ಎಫ್/1.8 ಎಸ್‌ಟಿಎಂ ಲೆನ್ಸಿಗೂ ದುಡ್ಡು ಎತ್ತಿಡಲಿ. ಸೋನಿ ಎ6000 ಕೂಡ ಒಳ್ಳೆಯ ಬಾಡಿ, ಚಿಕ್ಕದು, ಚುರುಕು. ಆದರೆ ಅದಕ್ಕೆ ಸೋನಿಯದೇ 35 ಎಂಎಂ ಎಫ್/1.8 ಕೊಳ್ಳಲು ಹೋದರೆ ಬಜೆಟ್ ಕೈಮೀರುತ್ತದೆ.

ಡಿ5300 ಕೊಳ್ಳುವವರು ಎಲ್ಲಕ್ಕಿಂತ ಮೊದಲು ತಿಳಿದಿರಬೇಕಾದ ಸಂಗತಿ ಒಂದಿದೆ. ಈ ಬಾಡಿಯೊಳಗೆ ಫೋಕಸ್ ಮೋಟಾರ್ ಇಲ್ಲ. ಅಗ್ಗಕ್ಕೆ ಸಿಕ್ಕಿತೆಂದು ನಿಕಾನ್ 50 ಎಂಎಂ ಎಫ್/1.8ಡಿ ತಂದರೆ ಆಟೋಫೋಕಸ್ ಆಗುವುದಿಲ್ಲ, ಕೈಯಲ್ಲೇ ತಿರುಗಿಸಬೇಕು. ಲೆನ್ಸಿನ ಹೆಸರಿನಲ್ಲಿ ಎಎಫ್-ಎಸ್ ಎಂದಿರಬೇಕು. ಎಎಫ್-ಪಿ ಲೆನ್ಸುಗಳೂ ನಡೆಯುತ್ತವೆ, ಆದರೆ ಬಾಡಿಯ ಫರ್ಮ್‌ವೇರ್ (ಕ್ಯಾಮೆರಾದೊಳಗಿನ ತಂತ್ರಾಂಶ) ಅಪ್‌ಡೇಟ್ ಆಗಿರಬೇಕು. ಆಗಿಲ್ಲದಿದ್ದರೆ ಲೆನ್ಸ್ ಕೆಟ್ಟಿದೆ ಅಂದುಕೊಳ್ಳುವಂತಾಗುತ್ತದೆ.

ಜೋಡಿಸಬೇಕಾದ ಲೆನ್ಸ್ ಎಎಫ್-ಎಸ್ ಡಿಎಕ್ಸ್ 35 ಎಂಎಂ ಎಫ್/1.8ಜಿ. ತೂಕ ಸುಮಾರು 200 ಗ್ರಾಂ, 30 ಸೆಂಟಿಮೀಟರ್ ಹತ್ತಿರದವರೆಗೂ ಫೋಕಸ್ ಹಿಡಿಯುತ್ತದೆ. ಪೂರ್ತಿ ತೆರೆದಾಗ ಬಿಳಿ ಆಕಾಶದೆದುರಿನ ಕೊಂಬೆಗಳ ಅಂಚಿಗೆ ನೇರಳೆ ಬಣ್ಣ ಮೆತ್ತಿಕೊಳ್ಳುತ್ತದೆ, ಎಫ್/2.8ಕ್ಕೆ ಇಳಿಸಿದರೆ ಬಹುಮಟ್ಟಿಗೆ ಕಡಿಮೆಯಾಗುತ್ತದೆ. ಝೂಮ್ ಇಲ್ಲ ಎಂದು ಹಿಂಜರಿಯಬೇಡಿ. ಹತ್ತಿರ ಹೋಗಬೇಕು, ಹಿಂದೆ ಸರಿಯಬೇಕು, ಚೌಕಟ್ಟು ಕಟ್ಟುವುದು ಕಲಿಯುವುದೇ ಹಾಗೆ. ಹಕ್ಕಿಯ ಆಸೆ ಇದ್ದವರಿಗೆ ಮಾತ್ರ ಇದು ಸಾಲದು. ರಂಗನತಿಟ್ಟಿನ ದೋಣಿಯಲ್ಲಿ ಕೂತವರಿಗೆ 300 ಎಂಎಂ ಬೇಕು.

ಇನ್ನು ಸೆಕೆಂಡ್‌ಹ್ಯಾಂಡ್ ಪರೀಕ್ಷೆ. ಇದಕ್ಕೆ ಹಗಲು ಹೊತ್ತಿನಲ್ಲಿ ಅರ್ಧ ಗಂಟೆ ಬೇಕು, ಮಾರುವವರು ಆತುರಪಡಿಸಿದರೆ ಎದ್ದು ಬನ್ನಿ. ಒಂದು ಫೋಟೋ ತೆಗೆದು, ಕಾರ್ಡಿನಿಂದಲೇ ಕಡತವನ್ನು ಲ್ಯಾಪ್‌ಟಾಪಿಗೆ ಹಾಕಿ ಫೋಟೋದೊಳಗಿನ ಮಾಹಿತಿ ತೋರಿಸುವ ಎಕ್ಸಿಫ್‌ಟೂಲ್ ತಂತ್ರಾಂಶದಲ್ಲಿ ಶಟರ್ ಕೌಂಟ್, ಅಂದರೆ ಶಟರ್ ಇದುವರೆಗೆ ಎಷ್ಟು ಸಲ ಬಿದ್ದಿದೆ ಎಂಬುದನ್ನು ನೋಡಿ. ವಾಟ್ಸಾಪ್‌ನಲ್ಲಿ ಮಾಮೂಲಿ ಫೋಟೋದಂತೆ ಕಳಿಸಿದ್ದರಲ್ಲಿ ಈ ಮಾಹಿತಿ ಅಳಿಸಿಹೋಗಿರುತ್ತದೆ. ಆ ಎಣಿಕೆ 30 ಸಾವಿರದೊಳಗಿದ್ದರೆ ನಿಶ್ಚಿಂತೆ, 60 ಸಾವಿರ ದಾಟಿದ್ದರೆ ಬೆಲೆ ಇಳಿಸಿ ಕೇಳಿ, ಲಕ್ಷದ ಹತ್ತಿರ ಬಂದಿದ್ದರೆ ಬಿಟ್ಟುಬಿಡಿ. ಹಾಟ್‌ಶೂನ ಕಪ್ಪು ಬಣ್ಣ ಸವೆದು ಲೋಹ ಹೊಳೆಯುತ್ತಿದ್ದರೆ ಅದು ಮದುವೆ ಮನೆಗಳಲ್ಲಿ ದುಡಿದ ಕ್ಯಾಮೆರಾ ಇರಬಹುದು. ಬಾಡಿಯ ತಳದಲ್ಲಿರುವ ಸೀರಿಯಲ್ ನಂಬರ್, ಕಡತದಲ್ಲಿ ಕಾಣುವ ನಂಬರ್, ಬಿಲ್ಲಿನ ನಂಬರ್ ಮೂರೂ ಒಂದೇ ಆಗಿರಬೇಕು.

ಸ್ಕ್ರೀನನ್ನು ನಿಧಾನವಾಗಿ ಪೂರ್ತಿ ತಿರುಗಿಸಿ. ಯಾವುದೋ ಒಂದು ಕೋನದಲ್ಲಿ ಮಿನುಗಿದರೆ ಒಳಗಿನ ಕೇಬಲ್ ಸವೆದಿದೆ. ಎಫ್/22 ಇಟ್ಟು ಆಕಾಶವನ್ನು ಬೇಕೆಂದೇ ಫೋಕಸ್ ತಪ್ಪಿಸಿ ತೆಗೆದರೆ ಸೆನ್ಸರಿನ ಧೂಳು ಬೂದು ಚುಕ್ಕಿಗಳಾಗಿ ಕಾಣುತ್ತದೆ. ಧೂಳು ಹೋಗುತ್ತದೆ, ಗೀರು ಹೋಗುವುದಿಲ್ಲ.

ಲೆನ್ಸಿನಲ್ಲಿ ನೋಡಬೇಕಾದ್ದು ಫಂಗಸ್, ಅಂದರೆ ಗಾಜಿನ ಮೇಲೆ ಬೆಳೆಯುವ ಬೂಷ್ಟು. ಮಲೆನಾಡು, ಕರಾವಳಿಯಿಂದ ಬಂದ ಲೆನ್ಸಾದರೆ ಇನ್ನೂ ಜಾಗ್ರತೆ. ಲೆನ್ಸ್ ಬಿಚ್ಚಿ ಹಿಂಭಾಗ ನೋಡಿದರೆ ಲೋಹದ ಸುತ್ತಿನ ಒಳಗೆ ಉಗುರಿನ ತುದಿಯಷ್ಟು ಚಿಕ್ಕ ಕಡ್ಡಿ ಇದೆ. ಅದನ್ನು ಬೆರಳಿನಿಂದ ಮೆಲ್ಲಗೆ ಸರಿಸಿದರೆ ಬೆಳಕಿನ ದಾರಿಯನ್ನು ಹಿಗ್ಗಿಸಿ ಕುಗ್ಗಿಸುವ ಅಪರ್ಚರ್ ಎಲೆಗಳು ಪೂರ್ತಿ ತೆರೆದುಕೊಳ್ಳುತ್ತವೆ. ಹಾಗೇ ಹಿಡಿದು ಒಂದು ಕಡೆಯಿಂದ ಮೊಬೈಲ್ ಟಾರ್ಚ್ ಬಿಟ್ಟು ಇನ್ನೊಂದು ಕಡೆಯಿಂದ ಓರೆಯಾಗಿ ನೋಡಿ. ಧೂಳಿನ ಕಣ ಇದ್ದರೆ ಪರವಾಗಿಲ್ಲ. ಜೇಡರ ಬಲೆಯಂಥ ಎಳೆಗಳಿದ್ದರೆ ಎಷ್ಟು ಅಗ್ಗವಾದರೂ ಬೇಡ. ಕಡ್ಡಿ ಬಿಟ್ಟಾಗ ಎಲೆಗಳು ಟಕ್ಕನೆ ಮುಚ್ಚಿಕೊಳ್ಳಬೇಕು. ಸೋಮಾರಿಯಾಗಿ ಮುಚ್ಚಿದರೆ ಎಲೆಗಳ ಮೇಲೆ ಎಣ್ಣೆ ಹರಡಿರಬಹುದು, ಆಗ ಫೋಟೋಗಳು ಬೇಕಾದ್ದಕ್ಕಿಂತ ಬೆಳ್ಳಗೆ ಬರುತ್ತವೆ.

ಕೊನೆಯದಾಗಿ ಫೋಕಸ್. ಒಂದು ಮೀಟರ್ ದೂರದಲ್ಲಿ ದಿನಪತ್ರಿಕೆಯನ್ನು ಓರೆಯಾಗಿಟ್ಟು ಎಫ್/1.8ರಲ್ಲಿ ನಡುವಿನ ಪಾಯಿಂಟ್‌ನಿಂದ ಒಂದು ಸಾಲಿಗೆ ಫೋಕಸ್ ಮಾಡಿ. ಮೊದಲು ಕಣ್ಣಿಟ್ಟು ನೋಡುವ ವ್ಯೂಫೈಂಡರ್‌ನಿಂದ, ಆಮೇಲೆ ಸ್ಕ್ರೀನಿನಲ್ಲಿ ನೋಡುವ ಲೈವ್ ವ್ಯೂನಿಂದ. ಎರಡರಲ್ಲೂ ಅದೇ ಸಾಲು ಚೂಪಾಗಿರಬೇಕು. ವ್ಯೂಫೈಂಡರ್‌ನದ್ದು ಮಾತ್ರ ಹಿಂದೆ ಮುಂದೆ ಸರಿದಿದ್ದರೆ ಆ ಜೋಡಿ ಬೇಡ, ಯಾಕೆಂದರೆ ಡಿ5300 ಮೆನುವಿನಲ್ಲಿ ಇದನ್ನು ಸರಿಪಡಿಸುವ ಆಯ್ಕೆಯೇ ಇಲ್ಲ. ಬ್ಯಾಟರಿಯನ್ನೂ ತಿರುಗಿಸಿ ನೋಡಿ: ಇಎನ್-ಇಎಲ್14ಎ ಎಂದಿದ್ದರೆ 1230 ಎಂಎಎಚ್, ಬರೀ ಇಎಲ್14 ಎಂದಿದ್ದರೆ ಹಳೆಯ 1030ರದ್ದು. ಎರಡೂ ಕೂರುತ್ತವೆ, ಉಬ್ಬಿದ್ದರೆ ಎರಡೂ ಬೇಡ.

ಮನೆಗೆ ತಂದ ಮೇಲೆ ಜಿಪಿಎಸ್, ವೈಫೈ ಆಫ್ ಮಾಡಿ, ಬ್ಯಾಟರಿ ಉಳಿಯುತ್ತದೆ. ಎ ಮೋಡ್ (ಎಫ್ ಸಂಖ್ಯೆ ನಿಮ್ಮದು, ಶಟರ್ ಕ್ಯಾಮೆರಾದ್ದು) ಇಟ್ಟು, ಆಟೋ ಐಎಸ್‌ಒ ಆನ್ ಮಾಡಿ ಗರಿಷ್ಠ 3200, ಕನಿಷ್ಠ ಶಟರ್ 1/125 ಕೊಡಿ, ಕುಣಿತಕ್ಕಾದರೆ 1/250. ಕಪ್ಪು ಹಿನ್ನೆಲೆಯಿದ್ದರೆ ಕ್ಯಾಮೆರಾ ಮೋಸಹೋಗಿ ಮುಖವನ್ನು ಸುಟ್ಟ ಹಾಗೆ ಬೆಳ್ಳಗೆ ಮಾಡುತ್ತದೆ. ಪ್ಲಸ್-ಮೈನಸ್ ಬಟನ್ ಒತ್ತಿ ಹಿಡಿದು ಡಯಲ್ ತಿರುಗಿಸಿ -1ಕ್ಕೆ ಇಳಿಸಿ. ಟ್ಯೂಬ್‌ಲೈಟ್ ಅಡಿ ಒಂದೊಂದು ಫೋಟೋ ಒಂದೊಂದು ಬಣ್ಣ ಬಂದರೆ ಕೆಟ್ಟದ್ದು ಕ್ಯಾಮೆರಾ ಅಲ್ಲ. ನಮ್ಮ ಕರೆಂಟು 50 ಹರ್ಟ್ಸ್, ದೀಪ ಸೆಕೆಂಡಿಗೆ ನೂರು ಸಲ ಮಿನುಗುತ್ತದೆ. ಶಟರನ್ನು ನೀವೇ ಆರಿಸುವ ಎಸ್ ಮೋಡಿಗೆ ಬಂದು ಶಟರ್ 1/100 ಅಥವಾ 1/50 ಇಡಿ.

ಕೊರತೆಗಳೂ ಇವೆ. ಟಚ್ ಇಲ್ಲ, ಲೈವ್ ವ್ಯೂ ಫೋಕಸ್ ನಿಧಾನ. ವ್ಯೂಫೈಂಡರ್ ಶೇ. 95ರಷ್ಟನ್ನು ಮಾತ್ರ ತೋರಿಸುವುದರಿಂದ ಅಂಚಿನಲ್ಲಿ ಕಾಣದಿದ್ದ ಕರೆಂಟ್ ತಂತಿ ಫೋಟೋದಲ್ಲಿ ಇಣುಕುತ್ತದೆ. ರಾ (ಸಂಸ್ಕರಿಸದ, ದೊಡ್ಡ ಕಡತದ) ಫೋಟೋಗಳನ್ನು ಸತತವಾಗಿ ಹೊಡೆದರೆ ಒಂದೆರಡು ಸೆಕೆಂಡಿನಲ್ಲೇ ಉಸಿರು ಕಟ್ಟಿದಂತೆ ನಿಧಾನವಾಗುತ್ತದೆ.

ಇಡುವ ಜಾಗಕ್ಕೆ ಬೀರು ಬೇಡ, ಚರ್ಮದ ಕವರ್ ಅಂತೂ ಬೇಡವೇ ಬೇಡ. ರಬ್ಬರ್ ಅಂಚಿನ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಂದು ಚಿಕ್ಕ ತೇವಾಂಶ ಮೀಟರ್, ಒಂದು ಹಿಡಿ ಕಿತ್ತಳೆ ಬಣ್ಣದ ಸಿಲಿಕಾ ಜೆಲ್ ಸಾಕು. ಮೀಟರ್ 40ರಿಂದ 50ರ ನಡುವೆ ಇರಲಿ. ಆಷಾಢದ ಮಳೆಯಲ್ಲಿ ಅದು 60 ದಾಟಿ, ಜೆಲ್ ಬಣ್ಣ ಬಿಟ್ಟಿದ್ದರೆ ಅಡುಗೆಗೆ ಬಳಸದ ಹಳೇ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಮತ್ತೆ ಕಿತ್ತಳೆಯಾಗುವವರೆಗೆ ಬಿಸಿಮಾಡಿ, ಆರಿದ ಮೇಲೆ ಡಬ್ಬಿಗೆ ಹಾಕಿ.