ಬಾವಿ ನೀರು, ಅಮೋನಿಯಾ 4, ಒಂದು ಚಮಚ ಸೋಡಾ: ಹೊಸ ಮೀನಿನ ಟ್ಯಾಂಕ್ ಇಡುವವರು ಇದನ್ನು ಓದಿಬಿಡಿ

ಶಿರಸಿ ಕಡೆಯ ಒಂದು ಹಳ್ಳಿಮನೆಯಲ್ಲಿ ಆದದ್ದು. 60 ಲೀಟರ್ ಟ್ಯಾಂಕ್, ಬಾವಿ ನೀರು, ಒಂದು ಸ್ಪಂಜ್ ಫಿಲ್ಟರ್. ನೀರು ತುಂಬಿದ ಮರುದಿನವೇ ಗಪ್ಪಿ, ಗೋಲ್ಡ್ ಫಿಶ್ ಬಿಟ್ಟಿದ್ದಾರೆ. ಮೀನಿನ ಹೊಲಸಿನಿಂದ ನೀರಿಗೆ ಸೇರುವ ಅಮೋನಿಯಾ ಅಳೆಯುವ ಕಿಟ್ ತರಿಸಿ ದಿನಬಿಟ್ಟು ದಿನ ನೋಡುತ್ತಲೂ ಇದ್ದರು. ಅಳತೆ 1 ಪಿಪಿಎಂ (ಲೀಟರಿಗೆ 1 ಮಿಲಿಗ್ರಾಂ) ಆಯಿತು, 2 ಆಯಿತು, 4ಕ್ಕೆ ಹೋಗಿ ಕೂತಿತು. ವಾರಕ್ಕೊಮ್ಮೆ ನೀರು ಬದಲಿಸಿದರೂ ತಿರುಗಿ ಅದೇ 4. ಮೀನುಗಳು ಮಾತ್ರ ತಿಂದುಕೊಂಡು ಆರಾಮಾಗಿ ಇದ್ದವು. ಐದನೇ ವಾರ ಯಾರೋ "ಪಿಎಚ್ ಕಮ್ಮಿ ಇದ್ದೀತು, ಬ್ಯಾಕ್ಟೀರಿಯಾ ಬೆಳೀತಾ ಇಲ್ಲ, ಅಡುಗೆ ಸೋಡಾ ಹಾಕಿ" ಅಂದರು. ಪಿಎಚ್ ಅಂದರೆ ನೀರು ಎಷ್ಟು ಹುಳಿ ಅನ್ನುವ ಅಳತೆ, ಕಮ್ಮಿಯಾದಷ್ಟೂ ಹುಳಿ. ರಾತ್ರಿ ಒಂದು ಟೀ ಚಮಚ ಸೋಡಾ ಕರಗಿಸಿ ಸುರಿದರು. ಬೆಳಗಾಗುವಷ್ಟರಲ್ಲಿ ಒಂದೂ ಉಳಿದಿರಲಿಲ್ಲ. ಆಗ ಮತ್ತೆ ಅಮೋನಿಯಾ ನೋಡಿದರೆ ಎಷ್ಟು? ಅದೇ 4.

ಸಲಹೆ ಕೊಟ್ಟವರು ಹೇಳಿದ ಕಾರಣ ಸರಿಯೇ ಇತ್ತು. ಸಾವು ಬಂದದ್ದು ಮದ್ದು ಹಾಕಿದ ಹೊತ್ತಿನಿಂದ. ಕಾರವಾರದಿಂದ ಭಟ್ಕಳದವರೆಗೆ, ಘಟ್ಟದ ಮೇಲೆ ಶಿರಸಿ, ಸಿದ್ದಾಪುರದಲ್ಲಿ ಬಾವಿ ನೀರಿನಲ್ಲಿ ಟ್ಯಾಂಕ್ ಇಡುವವರಿಗೆಲ್ಲ ಈ ಅಪಾಯ ಇದೆ.

ಕಿಟ್ ತೋರಿಸುವುದು ಒಟ್ಟು ಅಮೋನಿಯಾ. ಅದರಲ್ಲಿ ಎರಡು ಪಾಲು: ಕಿವಿರಿನೊಳಗೆ ನುಗ್ಗಿ ಮೀನನ್ನು ಕೊಲ್ಲುವ ಮುಕ್ತ ಅಮೋನಿಯಾ ಒಂದು, ಬಹುಮಟ್ಟಿಗೆ ನಿರಪಾಯವಾದ ಅಮೋನಿಯಂ ಇನ್ನೊಂದು. ಯಾವುದು ಎಷ್ಟು ಅನ್ನುವುದನ್ನು ಪಿಎಚ್ ತೀರ್ಮಾನಿಸುತ್ತದೆ, ಸ್ವಲ್ಪಮಟ್ಟಿಗೆ ನೀರಿನ ಬಿಸಿಯೂ. 27 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಪಿಎಚ್ 6.2 ಇದ್ದರೆ ಮುಕ್ತ ಅಮೋನಿಯಾ ಶೇ 0.1 ಮಾತ್ರ, ಒಟ್ಟು 4 ಪಿಪಿಎಂ ಇದ್ದರೂ ವಿಷದ ಪಾಲು 0.004. ಅದೇ ನೀರಿನ ಪಿಎಚ್ 7.8ಕ್ಕೆ ಏರಿತೆನ್ನಿ, ಮುಕ್ತ ಪಾಲು ಶೇ 4ರ ಹತ್ತಿರ, ಅಂದರೆ 0.16. ಹೆಚ್ಚುಕಡಿಮೆ 40 ಪಟ್ಟು! 0.02 ದಾಟಿದರೇ ಹೆಚ್ಚಿನ ಮೀನುಗಳಿಗೆ ತೊಂದರೆ ಶುರು. ಕಿಟ್‌ನ ಹಸಿರು ಎಳ್ಳಷ್ಟೂ ಬದಲಾಗಲಿಲ್ಲ, ನೀರು ಮಾತ್ರ ರಾತ್ರೋರಾತ್ರಿ ವಿಷವಾಯಿತು. ಹಾಗಾಗಿ ಪಿಎಚ್ ಬರೆಯದೆ "ನಮ್ಮ ಟ್ಯಾಂಕ್ ಅಮೋನಿಯಾ 2, ಏನು ಮಾಡಲಿ" ಎಂದು ಕೇಳಿದರೆ ಉತ್ತರ ಕೊಡುವುದೇ ತಪ್ಪು.

ಇನ್ನು ಅಳತೆ 4ಕ್ಕೆ ಯಾಕೆ ಕೂತಿತು? ಅಮೋನಿಯಾವನ್ನು ನೈಟ್ರೈಟ್ ಮಾಡುವ ಬ್ಯಾಕ್ಟೀರಿಯಾ ಆ ಕೆಲಸದಲ್ಲಿ ಆಮ್ಲ ಬಿಡುತ್ತದೆ. ಅದನ್ನು ಹೀರಿಕೊಳ್ಳುವುದು ನೀರಿನಲ್ಲಿರುವ ಕಾರ್ಬೊನೇಟ್, ಕೆಎಚ್ ಕಿಟ್ ಅಳೆಯುವುದು ಅದನ್ನೇ. ನಮ್ಮ ಚಿರೆಕಲ್ಲಿನ ನೆಲದ ಬಾವಿಗಳಲ್ಲಿ ಕೆಎಚ್ ಸಾಮಾನ್ಯವಾಗಿ ತೀರಾ ಕಮ್ಮಿ. ಮಳೆಗಾಲದಲ್ಲಿ ಬಾವಿ ತುಂಬಿದಾಗ ಇನ್ನೂ ಕಮ್ಮಿ. ಸುಮಾರು 3 ಪಿಪಿಎಂ ಅಮೋನಿಯಾ ನೈಟ್ರೈಟ್ ಆಗುವಷ್ಟರಲ್ಲಿ ಒಂದು ಡಿಗ್ರಿ ಕೆಎಚ್ ಮುಗಿದುಹೋಗುತ್ತದೆ. ಕೆಎಚ್ 1 ಇರುವ ನೀರಿನಲ್ಲಿ ಆಮೇಲೆ ಉಳಿಯುವುದೇನು? ಪಿಎಚ್ 6ರ ಆಸುಪಾಸಿಗೆ ಕುಸಿಯುತ್ತದೆ, ಬ್ಯಾಕ್ಟೀರಿಯಾ ಕೆಲಸ ನಿಲ್ಲಿಸುತ್ತದೆ, ಅಮೋನಿಯಾ ಗುಡ್ಡೆ ಬೀಳುತ್ತದೆ. ಪಿಎಚ್ ತಗ್ಗಿದ್ದರಿಂದಲೇ ಮೀನು ಬದುಕಿತ್ತು ಅನ್ನುವುದು ಈ ಕಥೆಯ ವಿಚಿತ್ರ.

ಅದೇ ಟ್ಯಾಂಕ್‌ನಲ್ಲಿ ಮಾಡಬೇಕಿದ್ದುದು ಇಷ್ಟು. ಮೊದಲು ಆಹಾರ ಬಂದ್. ಆಮೇಲೆ ಅದೇ ಬಾವಿಯ ಮೆದು ನೀರಿನಿಂದ ದಿನಾ ಬೆಳಿಗ್ಗೆ ಕಾಲುಭಾಗ, ಸಂಜೆ ಕಾಲುಭಾಗ ಬದಲಿಸುತ್ತ ಹೋಗಿ ಒಟ್ಟು ಅಮೋನಿಯಾವನ್ನು 0.5ಕ್ಕೆ ಇಳಿಸುವುದು. ಪಿಎಚ್ 7.5ರ ಮೇಲಿರುವ ನಲ್ಲಿ ನೀರನ್ನು ಈ ಹಂತದಲ್ಲಿ ಸುರಿದರೆ ಸೋಡಾ ಹಾಕಿದ ಪರಿಣಾಮವೇ. 0.5ಕ್ಕೆ ಬಂದ ಮೇಲೆ ಪಿಎಚ್ 7.8ಕ್ಕೆ ಹೋದರೂ ಮುಕ್ತ ಪಾಲು 0.02ರ ಹತ್ತಿರವೇ ನಿಲ್ಲುತ್ತದೆ. ಆಗ ಸೋಡಾ, ಅದೂ ದಿನಕ್ಕೆ ಕಾಲು ಟೀ ಚಮಚ. ಲೆಕ್ಕ ಬೇಕಾದವರಿಗೆ: 100 ಲೀಟರ್ ನೀರಿಗೆ 3 ಗ್ರಾಂ ಅಡುಗೆ ಸೋಡಾ ಒಂದು ಡಿಗ್ರಿ ಕೆಎಚ್ ಏರಿಸುತ್ತದೆ. 60 ಲೀಟರ್ ಅಂದುಕೊಂಡ ಟ್ಯಾಂಕ್‌ನಲ್ಲಿ ಜಲ್ಲಿ, ಕಲ್ಲು ಕಳೆದರೆ ನೀರು 50 ಲೀಟರ್ ಇರುತ್ತದೆ. ಅದಕ್ಕೆ ಒಂದು ಮಟ್ಟಸ ಟೀ ಚಮಚ, ಸುಮಾರು 4.5 ಗ್ರಾಂ, ಹಾಕಿದರೆ ಒಂದೇ ಏಟಿಗೆ 3 ಡಿಗ್ರಿ. ಬೇಕಿಂಗ್ ಪೌಡರ್ ಬೇರೆ ಸಾಮಾನು, ಅದು ಬೇಡ.

ಮೀನು ಬಿಡುವ ಮೊದಲೇ ಸೈಕ್ಲಿಂಗ್, ಅಂದರೆ ಅಮೋನಿಯಾವನ್ನು ನೈಟ್ರೈಟ್, ಅದನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಬೆಳೆಸಿಕೊಳ್ಳುವ ಕೆಲಸ, ಮಾಡಿದರೆ ಈ ಪೇಚಾಟವೇ ಇಲ್ಲ. ಮೀನಿಲ್ಲದ ಟ್ಯಾಂಕ್‌ಗೆ ಸೋಡಾವನ್ನು ಒಂದೇ ಸಲ ಹಾಕಿ ಕೆಎಚ್ 4ಕ್ಕೆ ತರಬಹುದು, ಯಾರೂ ಸಾಯುವುದಿಲ್ಲ. ಕರಾವಳಿಯವರಿಗೆ ಇನ್ನೊಂದು ಸಲೀಸು ದಾರಿ ಬಳಚಿನ ಚಿಪ್ಪು. ಕುದಿಸಿ, ಮಾಂಸದ ಚೂರೂ ಉಳಿಯದಂತೆ ಉಜ್ಜಿ, ಒಡೆದು, 50 ಲೀಟರಿಗೆ ಒಂದು ಹಿಡಿ ಚೀಲದಲ್ಲಿ ಕಟ್ಟಿ ಫಿಲ್ಟರ್ ನೀರು ಹರಿಯುವಲ್ಲಿ ಇಡಿ. ನೀರು ಹುಳಿಯಾದಷ್ಟೂ ಬೇಗ ಕರಗುತ್ತದೆ, ಪಿಎಚ್ ಏರುತ್ತ ಹೋದಂತೆ ನಿಧಾನವಾಗುತ್ತದೆ. ಸೋಡಾದ ಹಾಗೆ ರಾತ್ರಿ ಬೆಳಗಾಗುವುದರೊಳಗೆ ಪಿಎಚ್ ಹಾರಿಸುವುದಿಲ್ಲ. ಕುದಿಸದೆ ಹಾಕಿದರೆ ಕೊಳೆತು ಅದೇ ಅಮೋನಿಯಾ ಕೊಡುತ್ತದೆ.

ಬ್ಯಾಕ್ಟೀರಿಯಾಗೆ ಉಣ್ಣಿಸಲು ಅಮೋನಿಯಾ ಬೇಕಲ್ಲ, ಅಲ್ಲಿ ನಮ್ಮ ಕಡೆ ಮೂರು ಅಡ್ಡದಾರಿ ಚಾಲ್ತಿಯಲ್ಲಿವೆ. ಒಂದು, ಟ್ಯಾಂಕ್‌ಗೆ ಒಂದು ಶೆಟ್ಲಿ (ಸಿಗಡಿ) ಹಾಕಿ ಕೊಳೆಯಲು ಬಿಡುವುದು. ಮನೆಯೆಲ್ಲ ನಾರುತ್ತದೆ ಅನ್ನುವುದು ಹಾಗಿರಲಿ, ಎಷ್ಟು ಅಮೋನಿಯಾ ಯಾವಾಗ ಬರುತ್ತದೆ ಅನ್ನುವುದು ಕೈಯಲ್ಲಿಲ್ಲ. ಚಿಕ್ಕ ಟ್ಯಾಂಕ್‌ನಲ್ಲಿ ಕಿಟ್‌ನ ಕೊನೆಯ ಬಣ್ಣವೂ ದಾಟುತ್ತದೆ. ಎರಡು, ಅಡಿಕೆ ತೋಟಕ್ಕೆ ತಂದ ಯೂರಿಯಾ. ಇದು ಮೋಸದ್ದು. ಯೂರಿಯಾವನ್ನು ಅಮೋನಿಯಾ ಕಿಟ್ ಹಿಡಿಯುವುದಿಲ್ಲ. ಹಾಕಿದ ದಿನ ಸೊನ್ನೆ ತೋರಿಸುತ್ತದೆ, ಸಾಲದೆಂದು ಇನ್ನೊಂದು ಚಿಟಿಕೆ ಹಾಕುತ್ತೀರಿ, ನಾಲ್ಕಾರು ದಿನಕ್ಕೆ ಎಲ್ಲವೂ ಒಡೆದು ಒಮ್ಮೆಲೇ ಮೇಲೇಳುತ್ತದೆ. ಮೂರು, ಕಲಾಯಿಯವರ ಹತ್ತಿರದ ನವಸಾಗರ. ವಸ್ತು ಸರಿಯಾದದ್ದೇ, ಅಮೋನಿಯಂ ಕ್ಲೋರೈಡ್. ಆದರೆ ಶುದ್ಧವಲ್ಲ, ಜೊತೆಗೆ ಯಾವ ಲೋಹ ಸೇರಿದೆಯೋ ಗೊತ್ತಾಗುವುದಿಲ್ಲ. ಲ್ಯಾಬ್ ಸಾಮಾನು ಮಾರುವವರಲ್ಲಿ ಶುದ್ಧವಾದದ್ದೇ ತರಿಸಿ.

ಅದರಲ್ಲಿ 3.1 ಗ್ರಾಂ ತೂಗಿ, ನೀರು ಸೇರಿಸಿ 100 ಮಿಲಿ ಮಾಡಿಟ್ಟುಕೊಳ್ಳಿ. ಇದರ ಪ್ರತಿ ಮಿಲಿಯಲ್ಲಿ 10 ಮಿಲಿಗ್ರಾಂ ಅಮೋನಿಯಾ. 50 ಲೀಟರ್ ನೀರಿಗೆ ಮೆಡಿಕಲ್ ಶಾಪಿನ ಸಿರಿಂಜಿನಲ್ಲಿ 10 ಮಿಲಿ ಹಾಕಿದರೆ ಸರಿಯಾಗಿ 2 ಪಿಪಿಎಂ. 2ಕ್ಕಿಂತ ಹೆಚ್ಚು ಬೇಕಿಲ್ಲ, 5ರ ಮೇಲೆ ಹೋದರೆ ಬ್ಯಾಕ್ಟೀರಿಯಾಗೇ ತೊಡಕು.

ಈ ದ್ರಾವಣದಿಂದ ಇನ್ನೂ ದೊಡ್ಡ ಉಪಯೋಗವಿದೆ: ನಿಮ್ಮ ಕಿಟ್ ಬದುಕಿದೆಯೋ ಇಲ್ಲವೋ ನೋಡಬಹುದು. 5 ಲೀಟರ್ ನೀರಿಗೆ 1 ಮಿಲಿ ಹಾಕಿ ಕಲಕಿ ಪರೀಕ್ಷೆ ಮಾಡಿ. 2ರ ಬಣ್ಣ ಬರಬೇಕು. ಬರದಿದ್ದರೆ ಕಿಟ್ ಎಸೆಯಿರಿ. ಹಳದಿಯಿಂದ ಹಸಿರಿಗೆ ತಿರುಗುವ ಸ್ಯಾಲಿಸಿಲೇಟ್ ಕಿಟ್‌ನ ಎರಡನೇ ಬಾಟಲಿಯಲ್ಲಿರುವ ಹೈಪೊಕ್ಲೋರೈಟ್ ಸೆಕೆಗೆ ಸತ್ವ ಕಳೆದುಕೊಳ್ಳುತ್ತದೆ. ಕಾರವಾರದ ಏಪ್ರಿಲ್‌ನಲ್ಲಿ ಕಿಟಕಿ ಪಕ್ಕ ಇಟ್ಟ ಕಿಟ್ ಸುಳ್ಳು ಸೊನ್ನೆ ತೋರಿಸಿದರೆ ಆಶ್ಚರ್ಯ ಇಲ್ಲ. ಸುಳ್ಳು ಸೊನ್ನೆಯಷ್ಟು ಮೀನು ಕೊಲ್ಲುವ ಅಳತೆ ಬೇರೆ ಇಲ್ಲ.

ಪರೀಕ್ಷೆ ಮಾಡುವ ಕ್ರಮದಲ್ಲೇ ಅರ್ಧ ತಪ್ಪು ನುಸುಳುತ್ತದೆ. ಎಪಿಐ ಕಂಪನಿಯ ಕಿಟ್ ಇದ್ದರೆ 5 ಮಿಲಿ ನೀರು, ಮೊದಲ ಬಾಟಲಿಯ 8 ಹನಿ, ಎರಡನೆಯದರ 8 ಹನಿ, 5 ಸೆಕೆಂಡ್ ಜೋರಾಗಿ ಅಲುಗಾಡಿಸಿ 5 ನಿಮಿಷ ಕಾಯುವುದು. ಬಾಟಲಿಯನ್ನು ನೆಟ್ಟಗೆ ತಲೆಕೆಳಗು ಹಿಡಿಯಬೇಕು. ವಾರೆ ಹಿಡಿದರೆ ಹನಿಯ ಗಾತ್ರ ಬದಲಾಗುತ್ತದೆ, ತುದಿಯಲ್ಲಿ ಗುಳ್ಳೆ ಬಂದರೆ ಆ ಹನಿ ಲೆಕ್ಕಕ್ಕಿಲ್ಲ. ಟ್ಯೂಬಿನ ಬಾಯಿಗೆ ಬೆರಳು ಒತ್ತಿ ಅಲುಗಾಡಿಸುವ ಅಭ್ಯಾಸ ಬಿಡಿ: ಬೆವರಿನಲ್ಲೂ ಅಮೋನಿಯಾ ಇದೆ, ಆ ರಾಸಾಯನಿಕ ಚರ್ಮಕ್ಕೂ ಒಳ್ಳೆಯದಲ್ಲ. ಕೊಟ್ಟಿಗೆ ಪಕ್ಕದ ಜಗಲಿಯಲ್ಲಿ ಮುಚ್ಚಳ ತೆಗೆದಿಟ್ಟರೆ ಗಂಜಲದ ಗಾಳಿಯೇ ಬಣ್ಣ ಏರಿಸೀತು. ಬಣ್ಣವನ್ನು ಹಗಲಿನ ಬೆಳಕಲ್ಲಿ, ಬಿಳಿ ಕಾಗದಕ್ಕೆ ತಾಗಿಸಿ ನೋಡಿ. ಕೆಲವು ಎಲ್ಇಡಿ ಬೆಳಕಲ್ಲಿ ಹಳದಿ ಕೂಡ ತಿಳಿಹಸಿರಿನಂತೆ ಕಂಡೀತು. ಕಾಡುಬಾದಾಮಿ ಎಲೆ ಹಾಕಿ ನೀರು ಚಹಾ ಬಣ್ಣಕ್ಕೆ ತಿರುಗಿದ್ದರೆ ಪಕ್ಕದಲ್ಲಿ ಹನಿ ಹಾಕದ ನೀರಿನ ಇನ್ನೊಂದು ಟ್ಯೂಬ್ ಇಟ್ಟು ಹೋಲಿಸಿ. ಕಡುಹಸಿರು ಬಂದು 8 ಆಗಿದೆಯೋ ಅದರ ಮೇಲೋ ತಿಳಿಯದಾಗ ಒಂದು ಪಾಲು ಟ್ಯಾಂಕ್ ನೀರಿಗೆ ಮೂರು ಪಾಲು ಡಿಸ್ಟಿಲ್ಡ್ ನೀರು ಬೆರೆಸಿ ಪರೀಕ್ಷಿಸಿ, ಬಂದದ್ದನ್ನು ನಾಲ್ಕರಿಂದ ಗುಣಿಸಿ. ಗ್ಯಾರೇಜಿನ ಬ್ಯಾಟರಿ ನೀರು ಸಾಕು, ಆದರೆ ಆಸಿಡ್ ಬಾಟಲಿ ಕೊಡಬೇಡಿ ಎಂದು ಹೇಳಿ ತನ್ನಿ.

ಒಂದೇ ಬಾಟಲಿಯ, ಹಳದಿಯಿಂದ ಕಂದು ಬಣ್ಣಕ್ಕೆ ತಿರುಗುವ ನೆಸ್ಲರ್ ಕಿಟ್ ಅಗ್ಗಕ್ಕೆ ಸಿಗುತ್ತದೆ. ಅದರಲ್ಲಿ ಪಾದರಸ ಇದೆ, ಹಿತ್ತಲಿಗೆ ಚೆಲ್ಲುವಂತಿಲ್ಲ. ಅಮೋನಿಯಾ ಹಿಡಿದಿಡುತ್ತದೆ ಎನ್ನುವ ಕೆಲವು ದ್ರವ ಹಾಕಿದ ನೀರಿನಲ್ಲಿ ಸುಳ್ಳು ಅಳತೆ ಕೊಡುತ್ತದೆ. ಸಮುದ್ರದ ನೀರಿನಲ್ಲಂತೂ ಮೋಡ ಕಟ್ಟುತ್ತದೆ, ಓದಲಾಗುವುದಿಲ್ಲ. ಉಪ್ಪುನೀರಿನ ಟ್ಯಾಂಕ್ ಇಡುವ ಕಾರವಾರದವರು ಅದರ ತಂಟೆಗೇ ಹೋಗಬೇಡಿ.

ಪಿಎಚ್ ಕಿಟ್‌ಗೂ ಒಂದು ಕುರುಡು ಇದೆ. ಸಾಮಾನ್ಯ ಕಿಟ್‌ನ ಕೆಳಗಿನ ಬಣ್ಣ 6.0. ಅದು 6.0 ತೋರಿಸಿತೆಂದರೆ 6 ಇರಬಹುದು, 5.5 ಕೂಡ ಇರಬಹುದು. ಬಾವಿಯಿಂದ ಆಗಷ್ಟೇ ಸೇದಿದ ನೀರಿನಲ್ಲಿ ಕಾರ್ಬನ್ ಡೈಆಕ್ಸೈಡ್ ಕರಗಿರುತ್ತದೆ, ಪಿಎಚ್ ಕಮ್ಮಿಯೇ ತೋರಿಸುತ್ತದೆ. ಬಕೆಟ್‌ನಲ್ಲಿ ಒಂದು ದಿನ ಏರ್ ಪಂಪ್ ಓಡಿಸಿ ಆಮೇಲೆ ನೋಡಿದ್ದೇ ನಿಜವಾದ ಅಳತೆ. ಕೆಎಚ್ ಕಿಟ್‌ನಲ್ಲಿ 5 ಮಿಲಿ ನೀರಿಗೆ ಒಂದೊಂದೇ ಹನಿ ಹಾಕುತ್ತ ಹೋದರೆ ನೀಲಿ ಹಳದಿಯಾಗುತ್ತದೆ, ಹನಿಗೆ ಒಂದು ಡಿಗ್ರಿ. ಮೊದಲ ಹನಿಗೇ ಹಳದಿಯಾದರೆ 10 ಮಿಲಿ ನೀರು ತೆಗೆದುಕೊಳ್ಳಿ, ಆಗ ಹನಿಗೆ ಅರ್ಧ ಡಿಗ್ರಿ. ಟ್ಯಾಂಕ್ ತುಂಬುವ ಮುಂಚೆ ಬಾವಿ ನೀರಿನದ್ದೇ ಅಮೋನಿಯಾ, ನೈಟ್ರೇಟ್ ಕೂಡ ನೋಡಿಡಿ. ಗೊಬ್ಬರಗುಂಡಿಗೆ ಹತ್ತಿರದ ಬಾವಿಯಾದರೆ ಅಲ್ಲೇ ಅಳತೆ ಸಿಗುತ್ತದೆ. ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿದ ವಾರದಲ್ಲಿ ಆ ನೀರು ಬಳಸಬೇಡಿ. ಬಾವಿ ನೀರಲ್ಲವೇ, ಕ್ಲೋರಿನ್ ಎಲ್ಲಿಂದ ಎನ್ನುವವರು ಬೆಳೆದ ಬ್ಯಾಕ್ಟೀರಿಯಾವನ್ನೂ ಕಳೆದುಕೊಳ್ಳುತ್ತಾರೆ.

ಬಾಟಲಿಯಲ್ಲಿ ಮಾರುವ ಬ್ಯಾಕ್ಟೀರಿಯಾ ಬಗ್ಗೆ ಚುಟುಕಾಗಿ: ಸಿಹಿನೀರಿನ ಅಕ್ವೇರಿಯಂಗಳಲ್ಲಿ ನೈಟ್ರೈಟ್ ತಿನ್ನುವುದು ನೈಟ್ರೊಸ್ಪೈರಾ, ನೈಟ್ರೊಬ್ಯಾಕ್ಟರ್ ಅಲ್ಲ ಎಂದು 1998ರಲ್ಲೇ ತೋರಿಸಿಕೊಟ್ಟಿದ್ದಾರೆ. ಈ ಜೀವಿಗಳು ಬೀಜಾಣು ಕಟ್ಟುವುದಿಲ್ಲ, ಬಿಸಿಲಿನ ಶೆಲ್ಫಿನಲ್ಲಿ ತಿಂಗಳುಗಟ್ಟಲೆ ಇಟ್ಟರೆ ಸಾಯುತ್ತವೆ. ಆರೋಗ್ಯವಾಗಿ ಓಡುತ್ತಿರುವ ಟ್ಯಾಂಕ್‌ನಿಂದ ಒಂದು ಕೊಳಕು ಸ್ಪಂಜು ಬೇಡಿ ತಂದು ನಿಮ್ಮ ಫಿಲ್ಟರಿನಲ್ಲಿ ಹಿಂಡುವುದು ಅದಕ್ಕಿಂತ ಎಷ್ಟೋ ವಾಸಿ, ಕಾಸೂ ಇಲ್ಲ.

ಸೈಕಲ್ ಮುಗಿಯಿತೆಂದು ಅಮೋನಿಯಾ ಸೊನ್ನೆ ಆದ ದಿನವೇ ಮೀನಿನ ಅಂಗಡಿಗೆ ಓಡುವವರಿದ್ದಾರೆ. ಆಗ ನೈಟ್ರೈಟ್ ನೆತ್ತಿಯಲ್ಲಿರುತ್ತದೆ, ಅದೂ ಕೊಲ್ಲುತ್ತದೆ. ಇಳಿಯಲು ಅಮೋನಿಯಾಗಿಂತ ಹೆಚ್ಚು ದಿನ ತೆಗೆದುಕೊಳ್ಳುತ್ತದೆ. 2 ಪಿಪಿಎಂ ಹಾಕಿ 24 ಗಂಟೆಗೆ ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ, ನೈಟ್ರೇಟ್ ಏರಿದೆ, ಕೆಎಚ್ 3ಕ್ಕೆ ಇಳಿದಿಲ್ಲ: ಇಷ್ಟೂ ಸತತ ಎರಡು ಸಲ ಬಂದರೆ ಮುಗಿದ ಹಾಗೆ. ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ. ನೈಟ್ರೇಟ್ ಕಿಟ್‌ನ ಎರಡನೇ ಬಾಟಲಿಯನ್ನು ಅರ್ಧ ನಿಮಿಷ ಚೆನ್ನಾಗಿ ಕುಲುಕದಿದ್ದರೆ ಅದರಲ್ಲಿನ ಪುಡಿ ತಳದಲ್ಲೇ ಉಳಿದು ನೈಟ್ರೇಟ್ ಇಲ್ಲವೆಂದೇ ತೋರಿಸುತ್ತದೆ.

ಮಳೆಗಾಲದ ಮಾತು ಬೇರೆ. ಗಾಳಿಮಳೆಗೆ ಲೈನ್ ಮೇಲೆ ಮರ ಬಿದ್ದರೆ ಕರೆಂಟ್ ಯಾವಾಗ ಬರುತ್ತದೋ ದೇವರೇ ಬಲ್ಲ. ಮುಚ್ಚಿದ ಡಬ್ಬಿಯಂಥ ಕ್ಯಾನಿಸ್ಟರ್ ಫಿಲ್ಟರ್ ಕೆಲವು ಗಂಟೆ ನಿಂತರೂ ಒಳಗಿನ ಆಮ್ಲಜನಕ ಮುಗಿದು ಬ್ಯಾಕ್ಟೀರಿಯಾ ಸಾಯತೊಡಗುತ್ತದೆ. ಬ್ಯಾಟರಿ ಏರ್ ಪಂಪ್‌ಗೆ ಸಿಕ್ಕಿಸಿದ ಸ್ಪಂಜ್ ಫಿಲ್ಟರ್ ಒಂದು ಜೊತೆಗಿದ್ದರೆ ಅರ್ಧ ಚಿಂತೆ ಕಳೆಯಿತು. ಕರೆಂಟ್ ಬಂದ ಕೂಡಲೇ ಕ್ಯಾನಿಸ್ಟರ್ ಚಾಲೂ ಮಾಡಬೇಡಿ. ಬಿಚ್ಚಿ, ಒಳಗಿನ ನಾರುವ ನೀರು ಚೆಲ್ಲಿ, ಮೀಡಿಯಾವನ್ನು (ಬ್ಯಾಕ್ಟೀರಿಯಾ ಕೂರುವ ಸ್ಪಂಜು ಮುಂತಾದವು) ಟ್ಯಾಂಕ್ ನೀರಿನಲ್ಲೇ ಅದ್ದಿ ತೆಗೆದು ಮತ್ತೆ ಜೋಡಿಸಿ. ಮುಂದಿನ ಮೂರ್ನಾಲ್ಕು ದಿನ ಅಮೋನಿಯಾ, ನೈಟ್ರೈಟ್, ಪಿಎಚ್ ಮೂರನ್ನೂ ಒಂದೇ ಹೊತ್ತಿಗೆ ನೋಡಿ ಪಕ್ಕಪಕ್ಕ ಬರೆದಿಡಿ. ಅಮೋನಿಯಾ 0.5 ದಾಟಿದ್ದರೆ ಆಹಾರ ನಿಲ್ಲಿಸಿ, ಟ್ಯಾಂಕ್‌ನಷ್ಟೇ ಪಿಎಚ್ ಇರುವ ನೀರಿನಿಂದ ಕಾಲುಭಾಗ ಬದಲಿಸಿ. ಸೋಡಾ ಡಬ್ಬಿಗೆ ಆ ದಿನ ಕೈ ಹಾಕಬೇಡಿ ಮಾರಾಯ್ರೆ.